ಪ್ರವಾಸಿಗ ಹಿಂದಿರುಗಿದ ಮೇಲೆ ಊರಿನಲ್ಲಿ ಉಳಿಯುವುದೇನು?

ಸುಸ್ಥಿರ ಹಾಗೂ ನೈತಿಕ ಪ್ರವಾಸೋದ್ಯಮದ ಸಂಶೋಧನೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯ ಅಂಗವಾಗಿ ಸೋಲೂರಿನಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಸೋಲೂರು ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಊರು. ನೆಲಮಂಗಲದಿಂದ ಕುಣಿಗಲ್ ಮಾರ್ಗವಾಗಿ ಹಾಸನಕ್ಕೆ ಹೋಗುವ ರೈಲು ಮಾರ್ಗವೂ ಇಲ್ಲಿಯೇ ಹಾದುಹೋಗುತ್ತದೆ. ಒಂದು ಕಡೆಗೆ ಶಿವಗಂಗೆ, ಇನ್ನೊಂದು ಕಡೆಗೆ ಮಾಗಡಿ, ಅದರಾಚೆಗೆ ಸಾವನದುರ್ಗ ಮತ್ತು ಮಂಚನಬೆಲೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗಬಹುದಾದಷ್ಟು ದೂರದಲ್ಲಿರುವ ಕಾರಣ, ವಾರಾಂತ್ಯದ ಪ್ರವಾಸಿಗರಿಗೆ ಈ ಸೀಮೆ ಅತ್ಯಂತ ಅನುಕೂಲಕರವಾಗಿದೆ. ಹೀಗಾಗಿ ರೆಸಾರ್ಟ್, ಹೋಂಸ್ಟೇ, ಸಾಹಸ ಕ್ರೀಡಾ ಕೇಂದ್ರ, ತೋಟದ ಮನೆ, ಕಲ್ಯಾಣ ಮಂಟಪ ಮೊದಲಾದವುಗಳಿಗೆ ಪರವಾನಗಿ ಅಥವಾ ನಿರಾಕ್ಷೇಪಣಾ ಪತ್ರ ಕೋರುವ ಅರ್ಜಿಗಳು ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಬರುತ್ತವೆ. ಸಭೆಯಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಊರಿನ ಹುಡುಗರಿಗೆ ಕೆಲಸ ಸಿಗುತ್ತದೆ ಎಂಬುದು ಒಂದು. ಊರಿನ ನೀರು ಹೋಗುತ್ತದೆ ಎಂಬುದು ಮತ್ತೊಂದು. ಇವೆರಡರಲ್ಲಿ ಯಾವುದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಅಳೆದು ನೋಡುವ ಮೊದಲೇ ಠರಾವು ಬರೆದು ಮುಗಿಯುತ್ತದೆ.

ಈ ಎರಡು ಮಾತುಗಳನ್ನು ಅಳೆದು ನೋಡುವುದನ್ನೇ ಜೀವನದ ಕಾಯಕವಾಗಿ ಸ್ವೀಕರಿಸಿದ ವಿದ್ವಾಂಸರಿದ್ದಾರೆ. ಅವರ ಶಾಸ್ತ್ರಕ್ಕೆ ಸುಸ್ಥಿರ ಪ್ರವಾಸೋದ್ಯಮದ ಅಧ್ಯಯನ ಎಂದು ಹೆಸರು. ಆ ಶಾಸ್ತ್ರ ಬೆಳೆದ ಬಗೆ, ಕರ್ನಾಟಕದಲ್ಲಿ ಅದು ನಡೆದ ಹಾದಿ, ಅದರಿಂದ ಗ್ರಾಮ ಪಂಚಾಯಿತಿಯ ಸದಸ್ಯರು ಪಡೆಯಬಹುದಾದ ಉಪಯುಕ್ತ ಪಾಠಗಳು, ಇವು ಈ ಉಪನ್ಯಾಸದ ವಿಷಯ.

1. ಶಾಸ್ತ್ರದ ಹುಟ್ಟು

ಎರಡನೆಯ ಮಹಾಯುದ್ಧದ ನಂತರ ಯೂರೋಪಿನಲ್ಲಿ ಪ್ರವಾಸವು ಜನಸಾಮಾನ್ಯರ ಹವ್ಯಾಸವಾಯಿತು. ಆಲ್ಪ್ಸ್ ಪರ್ವತಗಳ ಹಳ್ಳಿಗಳು ಕೆಲವೇ ವರ್ಷಗಳಲ್ಲಿ ಹೋಟೆಲುಗಳ ಸಾಲುಗಳಾದವು. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಪ್ರವಾಸೋದ್ಯಮ ಸಂಶೋಧನಾ ಸಂಸ್ಥೆಯನ್ನು ಮುನ್ನಡೆಸುತ್ತಿದ್ದ ಯೋಸ್ಟ್ ಕ್ರಿಪೆನ್‌ಡಾರ್ಫ್ 1975ರಲ್ಲಿ ಈ ಬದಲಾವಣೆಯ ಬಗ್ಗೆ ಒಂದು ಪುಸ್ತಕ ಬರೆದರು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ನೆಲನೋಟವನ್ನು ತಿನ್ನುವವರು’ ಎಂದಾಗುತ್ತದೆ. ಪ್ರವಾಸಿಗನು ಯಾವ ಚೆಲುವನ್ನು ಅರಸಿ ಬರುತ್ತಾನೋ ಅವನ ಬರವೇ ಆ ಚೆಲುವನ್ನು ಕ್ರಮೇಣ ತಿಂದುಹಾಕುತ್ತದೆ ಎಂಬುದು ಅದರ ಸಾರ. 1984ರಲ್ಲಿ ಪ್ರಕಟವಾದ ಅವರ ಇನ್ನೊಂದು ಪುಸ್ತಕವು, ಜನರು ರಜೆ ಬಂದೊಡನೆ ಮನೆ ಬಿಟ್ಟು ಓಡುವುದೇಕೆ ಎಂಬ ಪ್ರಶ್ನೆಯನ್ನು ಎತ್ತಿತು. ಪ್ರವಾಸೋದ್ಯಮವನ್ನು ಬೆಳೆಸುವ ವಿದ್ಯೆಯನ್ನು ಕಲಿಸಬೇಕಾದ ಪೀಠದಲ್ಲಿದ್ದುಕೊಂಡೇ ಅದರ ಮಿತಿಯನ್ನು ಕುರಿತು ಬರೆದವರು ಅವರು.

1980ರಲ್ಲಿ ರಿಚರ್ಡ್ ಬಟ್ಲರ್ ಎಂಬ ಭೂಗೋಳ ಶಾಸ್ತ್ರಜ್ಞರು ಪ್ರವಾಸಿ ತಾಣಗಳಿಗೂ ಒಂದು ಆಯುಷ್ಯವಿದೆ ಎಂದು ತೋರಿಸಿದರು. ಮೊದಲು ಬೆರಳೆಣಿಕೆಯ ಜನರು ತಾಣವನ್ನು ಹುಡುಕಿಕೊಂಡು ಬರುತ್ತಾರೆ. ಆಮೇಲೆ ಊರಿನವರು ಊಟ, ವಸತಿ ಒದಗಿಸತೊಡಗುತ್ತಾರೆ. ಮೂರನೆಯ ಹಂತದಲ್ಲಿ ಹೊರಗಿನ ಬಂಡವಾಳ ಬಂದು, ಉದ್ಯಮವು ಊರಿನವರ ಕೈತಪ್ಪುತ್ತದೆ. ನಂತರ ಬೆಳವಣಿಗೆಯ ವೇಗ ಕುಂದುತ್ತದೆ, ಆಮೇಲೆ ನಿಂತೇಹೋಗುತ್ತದೆ. ಕಡೆಗೆ ತಾಣವು ಕುಸಿಯುತ್ತದೆ, ಇಲ್ಲವೇ ಹೊಸದಾಗಿ ಚೇತರಿಸಿಕೊಳ್ಳುತ್ತದೆ. ಈ ಹಂತಗಳಲ್ಲಿ ಪಂಚಾಯಿತಿಗೆ ಬಹುಮುಖ್ಯವಾದವು ಎರಡನೆಯದು ಮತ್ತು ಮೂರನೆಯದು. ಊರಿನವರ ಕೈಯಲ್ಲಿದ್ದ ಉದ್ಯಮ ಹೊರಗಿನವರ ಕೈಗೆ ದಾಟುವ ಹೊತ್ತಿನಲ್ಲಿಯೇ ಪರವಾನಗಿ ಕೋರುವ ಅರ್ಜಿಗಳು ಪಂಚಾಯಿತಿಗೆ ಬರುತ್ತವೆ. ಮೂರನೆಯ ಹಂತ ದಾಟಿದ ಮೇಲೆ ಷರತ್ತು ವಿಧಿಸುವುದು ಬಹಳ ಕಷ್ಟ.

ಸುಸ್ಥಿರ ಮತ್ತು ನೈತಿಕ ಎಂಬ ಎರಡು ಪದಗಳ ವ್ಯತ್ಯಾಸವನ್ನೂ ಇಲ್ಲಿಯೇ ತಿಳಿಯುವುದು ಒಳ್ಳೆಯದು. ಇಂದು ಬಳಸಿದ ನೀರು, ಕಾಡು, ಬೆಟ್ಟ ನಾಳೆಯೂ ಉಳಿದಿರಬೇಕು ಎಂಬುದು ಸುಸ್ಥಿರತೆ. ಲಾಭ ಯಾರಿಗೆ, ನಷ್ಟ ಯಾರಿಗೆ, ತೀರ್ಮಾನದಲ್ಲಿ ಯಾರ ಮಾತು ನಡೆಯಿತು ಎಂಬ ಪ್ರಶ್ನೆ ನೈತಿಕತೆಯದು. ಒಂದು ರೆಸಾರ್ಟ್ ಮಳೆನೀರು ಸಂಗ್ರಹಿಸಿ, ಸೌರಶಕ್ತಿ ಬಳಸಿ ಸುಸ್ಥಿರವೆನಿಸಿಕೊಳ್ಳಬಹುದು. ಆದರೆ ಅದೇ ರೆಸಾರ್ಟ್ ದನಕರು ಕೆರೆಗೆ ಇಳಿಯುತ್ತಿದ್ದ ಹಾದಿಗೆ ಬೇಲಿ ಹಾಕಿದ್ದರೆ ಅದು ನೈತಿಕವಲ್ಲ. ವಿಶ್ವ ಪ್ರವಾಸೋದ್ಯಮ ಸಂಸ್ಥೆಯು 1999ರಲ್ಲಿ ಪ್ರವಾಸೋದ್ಯಮದ ಜಾಗತಿಕ ನೀತಿಸಂಹಿತೆಯನ್ನು ಅಂಗೀಕರಿಸಿತು. 2002ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಹೊರಡಿಸಲಾದ ಘೋಷಣೆಯು ಇನ್ನೂ ಸರಳವಾದ ಸೂತ್ರವನ್ನು ನೀಡಿತು. ಊರು ಮೊದಲು ವಾಸಿಸುವವರಿಗೆ ಉತ್ತಮ ಸ್ಥಳವಾಗಬೇಕು, ಆಗ ಅದು ನೋಡಲು ಬರುವವರಿಗೂ ಉತ್ತಮ ಸ್ಥಳವಾಗುತ್ತದೆ ಎಂಬುದು ಅದರ ತಾತ್ಪರ್ಯ. ಈ ಕ್ರಮ ಮುಖ್ಯವಾದುದು. ವಾಸಿಸುವವರು ಮೊದಲು, ಬರುವವರು ನಂತರ.

2. ಕರ್ನಾಟಕದಲ್ಲಿ ನಡೆದ ಕೆಲಸ

ಈ ಚಿಂತನೆ ಕರ್ನಾಟಕಕ್ಕೆ ತಡವಾಗಿ ಬಂದುದೇನೂ ಅಲ್ಲ. 1985ರಲ್ಲಿಯೇ ಬೆಂಗಳೂರಿನಲ್ಲಿ ‘ಈಕ್ವೇಷನ್ಸ್’ ಎಂಬ ಸಂಸ್ಥೆ ಆರಂಭವಾಯಿತು. ಪ್ರವಾಸೋದ್ಯಮದಿಂದ ಸ್ಥಳೀಯ ಜನರ ಮೇಲೆ ಆಗುವ ಪರಿಣಾಮಗಳ ಅಧ್ಯಯನವನ್ನೇ ಅದು ಮುಖ್ಯ ಕಾರ್ಯವನ್ನಾಗಿ ಮಾಡಿಕೊಂಡಿತು.

1990ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗಿನ ಕಟ್ಟಡಗಳನ್ನು ಹೋಟೆಲ್ ನಡೆಸಲು ಖಾಸಗಿ ಸಂಸ್ಥೆಯೊಂದಕ್ಕೆ ಗುತ್ತಿಗೆಗೆ ನೀಡಲಾಯಿತು. ಕಾಡಿನೊಳಗಿನ ಬುಡಕಟ್ಟು ಜನರು ಇದನ್ನು ವಿರೋಧಿಸಿ, ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿಯ ಮೂಲಕ ಹೈಕೋರ್ಟಿನ ಮೊರೆ ಹೋದರು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅರಣ್ಯವನ್ನು ಹೀಗೆ ಗುತ್ತಿಗೆಗೆ ಕೊಡುವುದು 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು 1997ರಲ್ಲಿ ಕರ್ನಾಟಕ ಹೈಕೋರ್ಟ್ ತೀರ್ಪು ನೀಡಿತು. ಅತಿಥಿಗಳಿಗಾಗಿ ಕಟ್ಟಡ ಸಿದ್ಧವಾಗುತ್ತಿದ್ದ ಅದೇ ಕಾಡಿನಲ್ಲಿ, ತಲೆಮಾರುಗಳಿಂದ ಬಾಳಿದವರ ಹಕ್ಕು ಇನ್ನೂ ಇತ್ಯರ್ಥವಾಗದೆ ಉಳಿದಿತ್ತು. ನೈತಿಕ ಪ್ರವಾಸೋದ್ಯಮದ ಪ್ರಶ್ನೆ ರಾಜ್ಯದಲ್ಲಿ ನ್ಯಾಯಾಲಯದವರೆಗೆ ಹೋದ ಪ್ರಮುಖ ಪ್ರಸಂಗವಿದು.

3. ಒಂದು ವಿದ್ವತ್ ಜೀವನದ ಹಾದಿ

ಈ ಕ್ಷೇತ್ರದಲ್ಲಿ ಸಂಶೋಧಕರ ಜೀವನ ಹೇಗಿರುತ್ತದೆ ಎಂಬುದಕ್ಕೆ ಕರ್ನಾಟಕದವರೇ ಆದ ಡಾ. ಕೃತಿ ಕಾರಂತರ ಉದಾಹರಣೆಯನ್ನು ನೋಡಬಹುದು. ಸಾಹಿತಿ ಡಾ. ಶಿವರಾಮ ಕಾರಂತರ ಮೊಮ್ಮಗಳು ಹಾಗೂ ಹುಲಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರ ಮಗಳಾದ ಅವರು, ಅಮೆರಿಕದ ಫ್ಲಾರಿಡಾ, ಯೇಲ್ ಮತ್ತು ಡ್ಯೂಕ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿ 2008ರಲ್ಲಿ ಪಿಎಚ್.ಡಿ. ಪಡೆದರು. ನಂತರ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ ರೂತ್ ಡಿಫ್ರೀಸ್ ಅವರೊಂದಿಗೆ ಸಂಶೋಧನೆ ಮುಂದುವರಿಸಿದರು. ಈಗ ಬೆಂಗಳೂರಿನ ವನ್ಯಜೀವಿ ಅಧ್ಯಯನ ಕೇಂದ್ರವನ್ನು ಮುನ್ನಡೆಸುತ್ತಿದ್ದಾರೆ.

ಅವರ ಆರಂಭದ ಅಧ್ಯಯನ ಪ್ರವಾಸಿಗರನ್ನು ಕುರಿತದ್ದಲ್ಲ, ಊರು ಬಿಟ್ಟವರನ್ನು ಕುರಿತದ್ದು. ಭದ್ರಾ ವನ್ಯಜೀವಿ ಧಾಮದಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದು ನೆಲೆಸಿದಾಗ, ಆ ಮನೆಗಳಿಗೆ ಹೋಗಿ ಅವರ ಅನುಭವವನ್ನು ಕೇಳಿ ದಾಖಲಿಸಿದರು. ಕೆಲವು ವರ್ಷಗಳ ನಂತರ ಮತ್ತೆ ಅದೇ ಕುಟುಂಬಗಳ ಬಳಿಗೆ ಹೋಗಿ ಏನು ಬದಲಾಯಿತೆಂದು ವಿಚಾರಿಸಿದರು. ಈ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಒಮ್ಮೆ ಕೇಳಿ ಬಿಡದೆ ಎರಡನೆಯ ಬಾರಿಯೂ ಹೋಗಿ ಕೇಳಬೇಕೆಂಬುದು ಆ ವಿಧಾನದ ಮುಖ್ಯ ಅಂಶ. ಯೋಜನೆಯ ಉದ್ಘಾಟನೆಯಂದು ದೊರೆಯುವ ಉತ್ತರಕ್ಕೂ ನಾಲ್ಕು ವರ್ಷಗಳ ನಂತರ ದೊರೆಯುವ ಉತ್ತರಕ್ಕೂ ಬಹಳ ವ್ಯತ್ಯಾಸವಿರುತ್ತದೆ.

2011ರಲ್ಲಿ ಅವರು ಡಿಫ್ರೀಸ್ ಅವರೊಂದಿಗೆ ಪ್ರಕಟಿಸಿದ ಅಧ್ಯಯನ ನೇರವಾಗಿ ಪ್ರವಾಸೋದ್ಯಮಕ್ಕೆ ಸಂಬಂಧಿಸಿದ್ದು. ಭಾರತದ ಹತ್ತು ರಕ್ಷಿತ ಅರಣ್ಯಗಳಿಗೆ ಬರುವ ಪ್ರವಾಸಿಗರು ಮತ್ತು ಅವುಗಳ ಸುತ್ತಲಿನ ವಸತಿ ಸೌಕರ್ಯಗಳನ್ನು ಅವರು ಪರಿಶೀಲಿಸಿದರು. ಪ್ರವಾಸಿಗರ ಸಂಖ್ಯೆ ವರ್ಷಕ್ಕೆ ಸರಾಸರಿ ಶೇಕಡಾ 15ರ ಪ್ರಮಾಣದಲ್ಲಿ ಏರುತ್ತಿತ್ತು. ಈ ಗತಿಯಲ್ಲಿ ಏರಿದರೆ ಐದು ವರ್ಷಗಳಲ್ಲಿ ಸಂಖ್ಯೆ ಇಮ್ಮಡಿಯಾಗುತ್ತದೆ. ಬಂದವರಲ್ಲಿ ಬಹುಪಾಲು ಜನರು ವಿದೇಶೀಯರಲ್ಲ, ಈ ದೇಶದವರೇ. ವಸತಿ ಕೇಂದ್ರಗಳ ಪೈಕಿ ಶೇಕಡಾ 72ರಷ್ಟು 2000ನೇ ಇಸವಿಯ ನಂತರ ಕಟ್ಟಿದವು, ಶೇಕಡಾ 85ರಷ್ಟು ಕಾಡಿನ ಅಂಚಿನಿಂದ ಐದು ಕಿಲೋಮೀಟರಿನೊಳಗೆ ಇದ್ದಂಥವು. ಆದರೆ ಸುತ್ತಲಿನ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ವಾಸಿಸುವ ಜನಸಂಖ್ಯೆಗೆ ಹೋಲಿಸಿದರೆ, ಅವುಗಳಲ್ಲಿ ನೇರ ಉದ್ಯೋಗ ಪಡೆದವರ ಪಾಲು ಶೇಕಡಾ ಒಂದರ ಸಮೀಪಕ್ಕೂ ಬಾರದಷ್ಟು ಅತ್ಯಲ್ಪವಾಗಿತ್ತು.

ಸಾಮಾನ್ಯ ಸಭೆಯಲ್ಲಿ ಕೇಳಿಬರುವ ಮೊದಲನೆಯ ಮಾತನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು. ಕೆಲಸ ಸಿಗುವುದೇ ಇಲ್ಲವೆಂದು ಅಧ್ಯಯನ ಹೇಳಲಿಲ್ಲ. ತಾನಾಗಿಯೇ ಸಿಗುವುದಿಲ್ಲ ಎಂಬ ಎಚ್ಚರಿಕೆ ಮಾತ್ರ ಆ ಅಂಕಿಗಳಲ್ಲಿದೆ. ಹುಲಿ, ಆನೆಗಳನ್ನು ನೋಡಲು ದೂರದಿಂದ ಜನರು ಬರುವ, ಹೆಸರುವಾಸಿಯಾದ ಕಾಡುಗಳ ಅಂಚಿನಲ್ಲಿಯೇ ಸ್ಥಿತಿ ಹೀಗಿದ್ದರೆ, ಬೆಳಿಗ್ಗೆ ಬಂದು ಸಂಜೆಗೆ ಹಿಂದಿರುಗುವ ಪ್ರವಾಸಿಗರ ತಾಣಗಳಲ್ಲಿ ಕೆಲಸದ ಭರವಸೆಯನ್ನು ಇನ್ನಷ್ಟು ಎಚ್ಚರಿಕೆಯಿಂದ ಪರೀಕ್ಷಿಸಬೇಕಾಗುತ್ತದೆ.

2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅವರು ನಾಗರಹೊಳೆ, ಕಾನ್ಹಾ ಮತ್ತು ರಣಥಂಬೋರ್‌ಗಳಿಗೆ ಬಂದ ಪ್ರವಾಸಿಗರನ್ನೇ ಮಾತನಾಡಿಸಿದರು. ಪ್ರವಾಸಿಗರು ಬರಿಯ ನೋಟಕರಾಗಿ ಉಳಿಯದೆ ಸಂರಕ್ಷಣೆಯ ಬೆಂಬಲಿಗರಾಗಬಲ್ಲರೇ ಎಂಬುದು ಅಲ್ಲಿನ ಪ್ರಶ್ನೆ. ಪ್ರವಾಸಿಗರನ್ನು ದೂಷಿಸುವುದರಿಂದ ಆರಂಭಿಸದೆ ಅವರ ಅಭಿಪ್ರಾಯವನ್ನು ಕೇಳುವುದರಿಂದ ಆರಂಭಿಸಿದುದು ಗಮನಾರ್ಹ.

2015ರಲ್ಲಿ ಅವರ ಕೆಲಸ ಪುಸ್ತಕದಿಂದ ಹೊಲಕ್ಕೆ ಇಳಿಯಿತು. ಬಂಡೀಪುರ ಮತ್ತು ನಾಗರಹೊಳೆ ಅಂಚಿನ ಹಳ್ಳಿಗಳಲ್ಲಿ ಕಾಡುಪ್ರಾಣಿಗಳಿಂದ ಬೆಳೆ ಅಥವಾ ಜಾನುವಾರು ಕಳೆದುಕೊಂಡ ರೈತರು ಉಚಿತ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ, ಕಾರ್ಯಕರ್ತರು ಮನೆ ಬಾಗಿಲಿಗೆ ಬಂದು ಸರ್ಕಾರದ ಪರಿಹಾರಕ್ಕೆ ಅರ್ಜಿ ಸಲ್ಲಿಸಲು ನೆರವಾಗುವ ‘ವೈಲ್ಡ್ ಸೇವೆ’ ಆರಂಭವಾಯಿತು. ಆನೆಯನ್ನು ಪ್ರವಾಸಿಗ ನೋಡಿ ಸಂತೋಷಪಡುತ್ತಾನೆ, ಅದೇ ಆನೆ ತುಳಿದ ರಾಗಿಯ ನಷ್ಟವನ್ನು ರೈತ ಹೊರುತ್ತಾನೆ. ಈ ಎರಡರ ನಡುವಿನ ಅಂತರವನ್ನು ಕಡಿಮೆ ಮಾಡುವುದೇ ಆ ಸೇವೆಯ ಅರ್ಥ. 2019ರಲ್ಲಿ ಅವರಿಗೆ ಅಂತರರಾಷ್ಟ್ರೀಯ ರೋಲೆಕ್ಸ್ ಪ್ರಶಸ್ತಿ ದೊರೆಯಿತು.

4. ಪಂಚಾಯಿತಿ ಮುಂದೆ ನಿಂತ ಊರು: ಕುಮರಕಂ

ಅಧ್ಯಯನದ ಮಾತು ಆಚರಣೆಗೆ ಬಂದ ಉದಾಹರಣೆ ನೆರೆಯ ಕೇರಳದಲ್ಲಿದೆ. ವೇಂಬನಾಡು ಸರೋವರದ ದಡದಲ್ಲಿರುವ ಕುಮರಕಂನಲ್ಲಿ ದೊಡ್ಡ ಹೋಟೆಲುಗಳು ಬಂದವು, ಊರಿನವರಲ್ಲಿ ಅಸಮಾಧಾನವೂ ಬೆಳೆಯಿತು. 2007–08ರ ಸುಮಾರಿಗೆ ಕೇರಳ ಸರ್ಕಾರವು ಜವಾಬ್ದಾರಿಯುತ ಪ್ರವಾಸೋದ್ಯಮ ಎಂಬ ಹೆಸರಿನಲ್ಲಿ ಕುಮರಕಂ, ವಯನಾಡು, ತೇಕ್ಕಡಿ ಮತ್ತು ಕೋವಳಂಗಳಲ್ಲಿ ಪ್ರಾಯೋಗಿಕ ಕಾರ್ಯಕ್ರಮವನ್ನು ಕೈಗೊಂಡಿತು. ಕುಮರಕಂನಲ್ಲಿ ಗ್ರಾಮ ಪಂಚಾಯಿತಿಯೇ ಮುಂದೆ ನಿಂತಿತು. ಕುಟುಂಬಶ್ರೀ ಮಹಿಳಾ ಗುಂಪುಗಳು ತರಕಾರಿ ಬೆಳೆದವು, ಹೋಟೆಲುಗಳು ಅದನ್ನು ಕೊಳ್ಳಲು ಒಪ್ಪಿದವು.

ಆರಂಭದಲ್ಲಿ ತೊಡಕುಗಳೂ ಎದುರಾದವು. ಹೋಟೆಲಿಗೆ ಪ್ರತಿದಿನವೂ ಒಂದೇ ಪ್ರಮಾಣದಲ್ಲಿ, ಒಂದೇ ಗುಣಮಟ್ಟದಲ್ಲಿ ಸರಕು ಬೇಕು. ಹಿತ್ತಲ ಬೆಳೆಗೆ ಅಂಥ ಶಿಸ್ತು ಇರುವುದಿಲ್ಲ. ಆದ್ದರಿಂದ ಬೆಲೆ ಮತ್ತು ಗುಣಮಟ್ಟವನ್ನು ನಿರ್ಧರಿಸಲು ಸಮಿತಿಗಳನ್ನು ರಚಿಸಬೇಕಾಯಿತು. ಈ ಪ್ರಯತ್ನಕ್ಕೆ ಮುಂದೆ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಯುಲಿಸಿಸ್ ಪ್ರಶಸ್ತಿ ಸಂದಿತು. ಸ್ಥಳೀಯರಿಗೆ ಆದ್ಯತೆ ಎಂಬ ಒಂದು ಸಾಲನ್ನು ಠರಾವಿನಲ್ಲಿ ಬರೆದರೆ ಸಾಲದು. ಏನನ್ನು, ಎಷ್ಟು, ಯಾವ ಬೆಲೆಗೆ, ಯಾರಿಂದ ಕೊಳ್ಳಬೇಕು ಎಂಬುದನ್ನು ಬರೆದು, ತಿಂಗಳಿಗೊಮ್ಮೆ ಕುಳಿತು ಪರಿಶೀಲಿಸಬೇಕು.

5. ಜಿಲ್ಲೆಯ ಸಂಪತ್ತು, ಜಿಲ್ಲೆಯ ಎಚ್ಚರ

ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರಕ್ಕೆ ನಿಂತಿರುವ ಸಾವನದುರ್ಗದ ಏಕಶಿಲೆ, ಅದರ ಬುಡದ ವೀರಭದ್ರಸ್ವಾಮಿ ಹಾಗೂ ನರಸಿಂಹಸ್ವಾಮಿ ದೇವಾಲಯಗಳು, ಕೆಂಪೇಗೌಡರ ಮಾಗಡಿ, ಚನ್ನಪಟ್ಟಣದ ಬಣ್ಣದ ಬೊಂಬೆಗಳು, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಕನಕಪುರದ ಸಂಗಮ ಮತ್ತು ಮೇಕೆದಾಟು, ‘ಶೋಲೆ’ ಚಿತ್ರದ ಮೂಲಕ ದೇಶಕ್ಕೆಲ್ಲ ಪರಿಚಿತವಾದ ರಾಮನಗರದ ಬಂಡೆಗಳು. ಇವೆಲ್ಲ ಈ ಸೀಮೆಯ ಸಂಪತ್ತು. ಇವುಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಎತ್ತಿಕೊಳ್ಳಲಾಗಿದೆ.

ಮೊದಲನೆಯದು ರಾಮದೇವರ ಬೆಟ್ಟ. ಸುಮಾರು 346 ಹೆಕ್ಟೇರ್ ವಿಸ್ತಾರದ ಈ ಪ್ರದೇಶವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಜಾನುವಾರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧವು ಸತ್ತ ದನದ ದೇಹದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ಹಾಳಾಗಿ ದೇಶದಾದ್ಯಂತ ಅವು ಸತ್ತವು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳ ಬಳಕೆಯನ್ನು 2023ರಲ್ಲಿ ನಿಷೇಧಿಸಲಾಯಿತು. ಬೆಟ್ಟಕ್ಕೆ ಬರುವ ಪ್ರವಾಸಿಗ ತಲೆಯೆತ್ತಿ ನೋಡುವ ಹಕ್ಕಿಯ ಜೀವ ಊರಿನ ಕೊಟ್ಟಿಗೆಯಲ್ಲಿ ಬಳಸುವ ಸೂಜಿಮದ್ದನ್ನು ಅವಲಂಬಿಸಿದೆ. ನಿಷೇಧಿತ ಔಷಧಗಳ ಬಗ್ಗೆ ಗ್ರಾಮಸಭೆಯಲ್ಲಿ ಪಶುವೈದ್ಯರಿಂದ ತಿಳಿವಳಿಕೆ ಕೊಡಿಸುವುದು ಪಂಚಾಯಿತಿ ಮಾಡಬಹುದಾದ, ಖರ್ಚಿಲ್ಲದ ಸಂರಕ್ಷಣಾ ಕಾರ್ಯ.

ಎರಡನೆಯದು ನದಿಗಳು. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ಮತ್ತು ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ತಿಪ್ಪಗೊಂಡನಹಳ್ಳಿಯಲ್ಲಿ ಕೂಡುತ್ತವೆ. ಅಲ್ಲಿನ ಜಲಾಶಯ 1930ರ ದಶಕದಿಂದ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ನಂತರ ಜಲಾನಯನದ ಕಟ್ಟಡಗಳಿಂದ, ಬತ್ತಿದ ಕೆರೆಗಳಿಂದ, ಹರಿದುಬಂದ ಕೊಳಚೆಯಿಂದ ಅದರ ಉಪಯೋಗ ಕುಂದಿತು. ಜಲಾನಯನ ಪ್ರದೇಶದಲ್ಲಿ ನಿರ್ಮಾಣಗಳನ್ನು ನಿಯಂತ್ರಿಸಲು ಸರ್ಕಾರ 2003ರಲ್ಲಿ ಆದೇಶ ಹೊರಡಿಸಿತು, ಮುಂದೆ ಅದರಲ್ಲಿ ಮಾರ್ಪಾಡುಗಳೂ ಆದವು. ನೆಲಮಂಗಲ ಮತ್ತು ಮಾಗಡಿ ತಾಲ್ಲೂಕುಗಳ ಹಲವು ಗ್ರಾಮಗಳು ಈ ಜಲಾನಯನದಲ್ಲಿವೆ. ಅಂಥ ಗ್ರಾಮದಲ್ಲಿ ಅರ್ಜಿ ಬಂದಾಗ ಆ ಸರ್ವೆ ನಂಬರು ಯಾವ ವಲಯಕ್ಕೆ ಸೇರಿದೆ, ಈಗ ಜಾರಿಯಲ್ಲಿರುವ ನಿಯಮವೇನು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಮೂರನೆಯದು ಮಂಚನಬೆಲೆ. ಅಲ್ಲಿನ ನೀರಿಗೆ ಇಳಿದು ಯುವಕರು ಪ್ರಾಣ ಕಳೆದುಕೊಂಡ ಸುದ್ದಿಯನ್ನು ಪತ್ರಿಕೆಗಳು ಮತ್ತೆ ಮತ್ತೆ ಪ್ರಕಟಿಸಿವೆ. ತಾಣವು ಪ್ರಸಿದ್ಧವಾಗುವುದು ಮೊದಲು, ಅಲ್ಲಿ ಎಚ್ಚರಿಕೆಯ ಫಲಕ, ಕಾವಲು, ಬೇಲಿ ಬರುವುದು ಅನಂತರ. ಈ ಕ್ರಮವನ್ನು ತಿರುಗಿಸಬೇಕು.

6. ನೀರಿನ ಲೆಕ್ಕ

ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ ಎಂಬ ಗಾದೆ ಪ್ರವಾಸೋದ್ಯಮಕ್ಕೆ ಅಕ್ಷರಶಃ ಅನ್ವಯಿಸುತ್ತದೆ. ಜಲಜೀವನ್ ಮಿಷನ್ ಯೋಜನೆಯ ಮಾನದಂಡದಂತೆ ಗ್ರಾಮೀಣ ಪ್ರದೇಶದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಭಾರತೀಯ ಮಾನಕ 1172ರ ಪ್ರಕಾರ ಸಾಧಾರಣ ಹೋಟೆಲುಗಳಿಗೆ ಒಬ್ಬ ಅತಿಥಿಗೆ ದಿನಕ್ಕೆ 180 ಲೀಟರ್, ಪಂಚತಾರಾ ಹೋಟೆಲುಗಳಿಗೆ 320 ಲೀಟರ್.

ಇಪ್ಪತ್ತು ಕೋಣೆಗಳ ರೆಸಾರ್ಟೊಂದರಲ್ಲಿ ನಲವತ್ತು ಅತಿಥಿಗಳಿದ್ದಾರೆ ಎಂದು ಭಾವಿಸೋಣ. ಸಾಧಾರಣ ದರ್ಜೆಯ ಲೆಕ್ಕದಲ್ಲಿ ದಿನಕ್ಕೆ 7,200 ಲೀಟರ್ ಬೇಕು. ಅದು ಹಳ್ಳಿಯ 130 ಜನರ ಒಂದು ದಿನದ ನೀರು. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಈಜುಕೊಳವನ್ನು ಒಮ್ಮೆ ತುಂಬಿಸಲು 75,000 ಲೀಟರ್ ಬೇಕು. ಅದು 1,360ಕ್ಕೂ ಹೆಚ್ಚು ಜನರ ಒಂದು ದಿನದ ನೀರು. ಹುಲ್ಲುಹಾಸಿಗೆ, ಬಟ್ಟೆ ಒಗೆಯುವುದಕ್ಕೆ, ಮಳೆನೃತ್ಯಕ್ಕೆ ಬಳಸುವ ನೀರು ಬೇರೆ.

ಈ ಲೆಕ್ಕವನ್ನು ಅರ್ಜಿದಾರರೇ ಬರೆದು ಕೊಡುವಂತೆ ಕೇಳಬಹುದು. ನೀರಿನ ಮೂಲ ಯಾವುದು, ಹೊಸ ಕೊಳವೆಬಾವಿ ಕೊರೆಯಲಾಗುವುದೇ, ಅದರಿಂದ ಪಂಚಾಯಿತಿಯ ಕುಡಿಯುವ ನೀರಿನ ಕೊಳವೆಬಾವಿ ಎಷ್ಟು ದೂರದಲ್ಲಿದೆ, ಬಳಸಿದ ನೀರನ್ನು ಎಲ್ಲಿ ಶುದ್ಧೀಕರಿಸಿ ಎಲ್ಲಿಗೆ ಬಿಡಲಾಗುವುದು, ಈ ನಾಲ್ಕು ಪ್ರಶ್ನೆಗಳಿಗೆ ಲಿಖಿತ ಉತ್ತರ ಬಂದ ಮೇಲೆಯೇ ವಿಷಯವನ್ನು ಸಭೆಯ ಮುಂದೆ ಇಡುವುದು ಸೂಕ್ತ.

7. ಕಾನೂನು ಕೊಟ್ಟಿರುವ ಬಲ

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳಿವೆ. ಅವುಗಳಲ್ಲಿ ಪ್ರವಾಸೋದ್ಯಮ ಎಂಬ ಪದವಿಲ್ಲ. ಹಾಗೆಂದು ಅದು ಪಂಚಾಯಿತಿಗೆ ಸಂಬಂಧಿಸದ ವಿಷಯವೆಂದು ತಿಳಿಯಬಾರದು. ಕುಡಿಯುವ ನೀರು, ರಸ್ತೆ, ನೈರ್ಮಲ್ಯ, ಮಾರುಕಟ್ಟೆ ಮತ್ತು ಜಾತ್ರೆ, ಸಾಂಸ್ಕೃತಿಕ ಚಟುವಟಿಕೆ, ಸಾಮಾಜಿಕ ಅರಣ್ಯ, ಗ್ರಾಮೋದ್ಯೋಗ, ಇವೆಲ್ಲವೂ ಅಲ್ಲಿವೆ. ಪ್ರವಾಸಿಗ ಬಳಸುವುದೂ ಇವುಗಳನ್ನೇ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೇ ಪ್ರಕರಣವು ಕಟ್ಟಡ ತೆರಿಗೆಯ ಜೊತೆಗೆ ಚಲನಚಿತ್ರವನ್ನು ಬಿಟ್ಟು ಇತರ ಮನರಂಜನೆಗಳ ಮೇಲಿನ ತೆರಿಗೆ, ಜಾಹೀರಾತು ಫಲಕಗಳ ಮೇಲಿನ ತೆರಿಗೆ, ವಾಹನ ನಿಲ್ದಾಣ ಶುಲ್ಕ, ನೀರು ಮತ್ತು ನೈರ್ಮಲ್ಯದ ವ್ಯವಸ್ಥೆ ಮಾಡಿದ ಜಾತ್ರೆಗಳಲ್ಲಿ ಯಾತ್ರಿಕರ ಶುಲ್ಕ ಮೊದಲಾದವುಗಳಿಗೆ ಅವಕಾಶ ನೀಡಿದೆ. ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಮನರಂಜನಾ ತೆರಿಗೆ ಸಂಪೂರ್ಣ ಹೋಯಿತು ಎಂಬ ತಿಳಿವಳಿಕೆ ಸರಿಯಲ್ಲ. ಸಂವಿಧಾನದ 101ನೇ ತಿದ್ದುಪಡಿಯು ಪಂಚಾಯಿತಿ ಮತ್ತು ನಗರಸಭೆಗಳು ವಿಧಿಸುವ ಮಟ್ಟಿಗೆ ಅದನ್ನು ಉಳಿಸಿದೆ. ಯಾತ್ರಿಕರ ಶುಲ್ಕದ ಒಳಗಿರುವ ತತ್ವ ಗಮನಾರ್ಹ. ಮೊದಲು ನೀರು ಮತ್ತು ಶೌಚಾಲಯ, ಆಮೇಲೆ ಶುಲ್ಕ. ಸೌಕರ್ಯ ಕೊಡದೆ ಹಣ ಕೇಳುವಂತಿಲ್ಲ.

ಕೃಷಿ ಜಮೀನಿನಲ್ಲಿ ವಾಣಿಜ್ಯ ಕಟ್ಟಡ ಕಟ್ಟಲು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದಂತೆ ಭೂ ಪರಿವರ್ತನೆ ಅಗತ್ಯ. ತೋಟದ ಮನೆ ಎಂಬ ಹೆಸರಿನಲ್ಲಿ ಆರಂಭವಾಗಿ ರೆಸಾರ್ಟ್ ಆಗಿ ಮುಂದುವರಿಯುವ ಪ್ರಕರಣಗಳಲ್ಲಿ ಊರಿಗೆ ತೆರಿಗೆಯೂ ಬರುವುದಿಲ್ಲ, ನಿಯಂತ್ರಣವೂ ಉಳಿಯುವುದಿಲ್ಲ. ಜೀವವೈವಿಧ್ಯ ಅಧಿನಿಯಮ, 2002ರಂತೆ ಪ್ರತಿ ಪಂಚಾಯಿತಿಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಬೆಟ್ಟ, ಗುಂಡುತೋಪು, ಕೆರೆ, ಗೋಮಾಳಗಳ ವಿವರವನ್ನು ದಾಖಲಿಸಿದ್ದರೆ, ಯಾವುದನ್ನು ಉಳಿಸಬೇಕೆಂಬ ಚರ್ಚೆಗೆ ಆಧಾರ ಸಿಗುತ್ತದೆ. ಒಂದು ಬಾರಿ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಬೆಟ್ಟದ ಬುಡದ ಅಂಗಡಿಗಳಲ್ಲಿ ಅದನ್ನು ಜಾರಿಗೆ ತರುವುದೂ ಸ್ಥಳೀಯ ಆಡಳಿತದ ಹೊಣೆ.

8. ಪಂಚಾಯಿತಿಯೇ ಮಾಡಬಹುದಾದ ಸಂಶೋಧನೆ

ಸಂಶೋಧನೆ ಎಂದರೆ ವಿಶ್ವವಿದ್ಯಾಲಯದಲ್ಲಿ ಮಾತ್ರ ನಡೆಯುವ ಕೆಲಸವಲ್ಲ. ಭದ್ರಾದ ಅಧ್ಯಯನದ ತಿರುಳು ಮನೆಮನೆಗೆ ಹೋಗಿ ಕೇಳುವುದು ಮತ್ತು ಕೆಲವು ವರ್ಷಗಳ ನಂತರ ಮತ್ತೆ ಕೇಳುವುದು. ಇದನ್ನು ಪಂಚಾಯಿತಿಯೂ ಸರಳವಾಗಿ ಮಾಡಬಹುದು. ವರ್ಷಕ್ಕೆ ಎರಡು ಬಾರಿ, ಒಂದು ಶನಿವಾರ ಮತ್ತು ಒಂದು ಭಾನುವಾರ, ತಾಣದ ಹಾದಿಯಲ್ಲಿ ವಾಹನಗಳನ್ನು ಎಣಿಸುವುದು. ಅದೇ ತಿಂಗಳಿನಲ್ಲಿ ಕುಡಿಯುವ ನೀರಿನ ಕೊಳವೆಬಾವಿಗಳ ನೀರಿನ ಮಟ್ಟ ಮತ್ತು ಇಳುವರಿಯನ್ನು ವಾಟರ್‌ಮ್ಯಾನ್ ಮೂಲಕ ಬರೆಸುವುದು. ಸೋಮವಾರ ಬೆಳಿಗ್ಗೆ ಸಂಗ್ರಹವಾದ ಕಸವನ್ನು ತೂಗುವುದು. ಪ್ರತಿ ವಸತಿ ಕೇಂದ್ರದಲ್ಲಿ ಗ್ರಾಮದ ಎಷ್ಟು ಮಂದಿ, ಯಾವ ಕೆಲಸದಲ್ಲಿ, ವರ್ಷದ ಎಷ್ಟು ತಿಂಗಳು ದುಡಿಯುತ್ತಾರೆ ಎಂಬ ಪಟ್ಟಿ ಪಡೆಯುವುದು. ಅವರಲ್ಲಿ ಮಹಿಳೆಯರು ಎಷ್ಟು, ಕಾಯಂ ನೌಕರರು ಎಷ್ಟು ಎಂಬುದನ್ನು ಪ್ರತ್ಯೇಕವಾಗಿ ಬರೆಯುವುದು. ಹಾಲು, ತರಕಾರಿ, ಮೊಟ್ಟೆ, ಹೂವುಗಳಲ್ಲಿ ಎಷ್ಟನ್ನು ಊರಿನಿಂದ ಕೊಳ್ಳಲಾಗುತ್ತದೆ ಎಂದು ವಿಚಾರಿಸುವುದು. ಐದು ವರ್ಷ ಈ ವಹಿಯನ್ನು ಇಟ್ಟರೆ, ಬಟ್ಲರ್ ಹೇಳಿದ ಹಂತಗಳಲ್ಲಿ ಊರು ಎಲ್ಲಿದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಈ ಕೆಲಸದಲ್ಲಿ ಊರಿನ ವಿದ್ಯಾರ್ಥಿಗಳನ್ನು ತೊಡಗಿಸುವುದು ಲಾಭಕರ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರವಾಸೋದ್ಯಮದ ಸ್ನಾತಕೋತ್ತರ ಅಧ್ಯಯನವಿದೆ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. 1983ರಲ್ಲಿ ಆರಂಭವಾದ ಭಾರತೀಯ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣಾ ಸಂಸ್ಥೆಯ ಕೇಂದ್ರ ಗ್ವಾಲಿಯರ್‌ನಲ್ಲಿದೆ. ಪ್ರವಾಸೋದ್ಯಮದ ಓದು ಎಂದರೆ ಹೋಟೆಲಿನ ನೌಕರಿ ಅಥವಾ ಮಾರ್ಗದರ್ಶಿಯ ಕೆಲಸ ಮಾತ್ರ ಎಂಬ ಭಾವನೆ ಹಲವು ಪೋಷಕರಲ್ಲಿದೆ. ಭೂಗೋಳ, ಅರ್ಥಶಾಸ್ತ್ರ, ಪರಿಸರ ವಿಜ್ಞಾನ, ಸಮಾಜಶಾಸ್ತ್ರ, ಯಾವುದನ್ನು ಓದಿದವರೂ ಈ ಸಂಶೋಧನೆಗೆ ಬರಬಹುದು. ಸಾವನದುರ್ಗದ ಅಂಚಿನಲ್ಲಿ ಬೆಳೆದ ಹುಡುಗಿಗೆ, ಯಾವ ಓಣಿಯ ಬಾವಿ ಯಾವ ವರ್ಷ ಬತ್ತಿತು ಎಂಬ ವಿಷಯ ಬಾಲ್ಯದಿಂದಲೇ ತಿಳಿದಿರುತ್ತದೆ. ಹೊರಗಿನಿಂದ ಬರುವ ಸಂಶೋಧಕರು ಅದನ್ನು ತಿಳಿಯಲು ವರ್ಷಗಳನ್ನು ಕಳೆಯಬೇಕಾಗುತ್ತದೆ.

9. ಉಪಸಂಹಾರ

ಪ್ರವಾಸಿಗರು ಬರಬಾರದು ಎಂಬುದು ಈ ಶಾಸ್ತ್ರದ ತೀರ್ಮಾನವಲ್ಲ. ಶಿವಗಂಗೆಗೆ, ಸಾವನದುರ್ಗಕ್ಕೆ ಜನರು ಬರುವುದು ಹೊಸದೇನೂ ಅಲ್ಲ. ಜಾತ್ರೆಗೆ ಬಂದವರಿಗೆ ನೀರು, ಮಜ್ಜಿಗೆ ಕೊಟ್ಟು ಸತ್ಕರಿಸಿದ ನಾಡಿದು. ಜಾತ್ರೆ ನಡೆಸುತ್ತಿದ್ದವರು ಊರಿನವರು, ಅರವಟಿಗೆ ಎಲ್ಲಿರಬೇಕು, ಗಾಡಿಗಳು ಎಲ್ಲಿ ನಿಲ್ಲಬೇಕು ಎಂದು ನಿರ್ಧರಿಸುತ್ತಿದ್ದವರೂ ಅವರೇ. ಆ ಅಧಿಕಾರ ಈಗ ಗ್ರಾಮಸಭೆ ಮತ್ತು ಗ್ರಾಮ ಪಂಚಾಯಿತಿಗಳ ಕೈಯಲ್ಲಿದೆ.

ಸದಸ್ಯರ ಮುಂದೆ ಇಡಬೇಕಾದ ಕೋರಿಕೆಗಳು ಮೂರು. ಪ್ರವಾಸೋದ್ಯಮಕ್ಕೆ ಸಂಬಂಧಿಸಿದ ಪ್ರತಿ ಅರ್ಜಿಯೊಂದಿಗೆ ನೀರು, ಕಸ, ಉದ್ಯೋಗ ಮತ್ತು ಸಾರ್ವಜನಿಕ ಹಾದಿಯ ಕುರಿತ ಲಿಖಿತ ವಿವರವನ್ನು ಕಡ್ಡಾಯವಾಗಿ ಪಡೆಯಬೇಕು. ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಬಂದ ಅಭಿಪ್ರಾಯಗಳನ್ನು ನಡವಳಿಯಲ್ಲಿ ದಾಖಲಿಸಬೇಕು. ವಿಧಿಸಿದ ಷರತ್ತುಗಳು ಪಾಲನೆಯಾಗಿವೆಯೇ ಎಂಬುದನ್ನು ವರ್ಷದ ನಂತರ ಅದೇ ಸಭೆಯಲ್ಲಿ ಮತ್ತೆ ಕೇಳಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅನುಮತಿ ಕೊಡುವ ದಿನ ಎಲ್ಲರೂ ಹಾಜರಿರುತ್ತಾರೆ. ಎರಡನೆಯ ಬಾರಿ ಕೇಳುವ ದಿನ ಹಾಜರಿರುವವರು ವಿರಳ. ಆ ದಿನ ಪ್ರಶ್ನೆ ಕೇಳುವ ಒಬ್ಬ ಸದಸ್ಯರಿದ್ದರೂ, ಊರಿನ ಕೆರೆ ಮತ್ತು ಬೆಟ್ಟಗಳ ಪರವಾಗಿ ಒಬ್ಬರು ಮಾತನಾಡಿದಂತಾಗುತ್ತದೆ.